ಟೊಳ್ಳು ಹಿಡಿಯ ಚೂರಿಗಳು

ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ಮನುಷ್ಯನೊಬ್ಬ ಚೂರಿಗಳನ್ನು ಸಂಗ್ರಹಿಸುತ್ತಾನೆಂದು ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾಣ್ಯ, ಅಂಚೆಚೀಟಿ, ಹಳೆಯ ಪುಸ್ತಕ, ಇಂಥವುಗಳ ಹುಚ್ಚು ನಿವೃತ್ತ ಪ್ರಾಧ್ಯಾಪಕನಿಗೆ ಒಪ್ಪುತ್ತದೆ. ಚೂರಿಯ ಹುಚ್ಚು ಒಪ್ಪುವುದಿಲ್ಲ. ನನ್ನ ಮನೆಯವಳಂತೂ ಅತಿಥಿಗಳು ಬಂದಾಗ ಆ ಕಪಾಟಿನ ಬಾಗಿಲನ್ನು ತಪ್ಪದೆ ಮುಚ್ಚುತ್ತಾಳೆ. ಕಪಾಟಿನ ಕೆಳಗಿನ ಅರೆಯಲ್ಲಿ, ಹಿಂದೆ ನಿಘಂಟುಗಳಿದ್ದ ಜಾಗದಲ್ಲಿ, ಈಗ 17 ಚೂರಿಗಳಿವೆ. ಹದಿನೇಳೂ ಒಂದೇ ಜಾತಿಯವು. ಅವುಗಳ ಹಿಡಿ ಟೊಳ್ಳು.

ಈ ಜಾತಿಯ ಚೂರಿಯನ್ನು ನೋಡದವರಿಗಾಗಿ ಎರಡು ಮಾತು. ಗೇಣುದ್ದದ ಅಲಗು; ಅಲಗಿನ ಬೆನ್ನ ಮೇಲೆ ಗರಗಸದಂಥ ಹಲ್ಲುಗಳು; ಕೊಳವೆಯಂಥ ಲೋಹದ ಹಿಡಿ; ಹಿಡಿಯ ತುದಿಗೆ ತಿರುಪಿನ ಮುಚ್ಚಳ; ಮುಚ್ಚಳದಲ್ಲಿ ಒಂದು ಪುಟ್ಟ ದಿಕ್ಸೂಚಿ. ಮುಚ್ಚಳವನ್ನು ತಿರುಚಿ ತೆಗೆದರೆ ಒಳಗೆ ನಾಲ್ಕು ಬೆಂಕಿಕಡ್ಡಿ, ಮೀನಿನ ಗಾಳ, ಸೂಜಿ, ದಾರ. ಕಾಡಿನಲ್ಲೋ ಶತ್ರುವಿನ ನೆಲದಲ್ಲೋ ಒಂಟಿಯಾಗಿ ಸಿಕ್ಕಿಬಿದ್ದವನು ಇದೊಂದರ ಬಲದಿಂದ ಬದುಕಿ ಬರಬೇಕು ಎಂಬುದು ಇದರ ಹಿಂದಿನ ಕಲ್ಪನೆ. ಇಂಗ್ಲಿಷಿನಲ್ಲಿ ಇದಕ್ಕೆ ಸರ್ವೈವಲ್ ನೈಫ್ ಎನ್ನುತ್ತಾರೆ. ಜೀವ ಉಳಿಸಿಕೊಳ್ಳುವ ಚೂರಿ ಎಂದು ನಾವು ಕರೆಯಬಹುದು.

ನನಗೆ ಈ ಹುಚ್ಚು ಹಿಡಿದದ್ದು ನಿವೃತ್ತನಾದ ವರ್ಷ, 2018ರಲ್ಲಿ. ನಮ್ಮಣ್ಣ ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಇದ್ದವನು. 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿದ್ದ. 2009ರಲ್ಲಿ ತೀರಿಕೊಂಡ. ಯುದ್ಧದ ವಿಷಯವಾಗಿ ಅವನು ನನ್ನೊಡನೆ ಆಡಿದ ಮಾತುಗಳನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದುಬಿಡಬಹುದು. ಅವನು ಹೋದ ಮೇಲೆ ಅವನ ಕಬ್ಬಿಣದ ಪೆಟ್ಟಿಗೆಯನ್ನು ತೆರೆದಾಗ, ಮಡಿಸಿಟ್ಟ ಸಮವಸ್ತ್ರದ ಮೇಲೆ ಪೂರ್ವಿ ಸ್ಟಾರ್ ಮತ್ತು ಸಂಗ್ರಾಮ್ ಪದಕಗಳೂ, ಪಕ್ಕದಲ್ಲಿ ಒರೆಯೊಳಗಿದ್ದ ಇಂಥದೊಂದು ಚೂರಿಯೂ ಸಿಕ್ಕಿದುವು. ಅಣ್ಣನ ಮಗ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಊರಿನ ಪ್ರೌಢಶಾಲೆಯವರು ಮಾಜಿ ಸೈನಿಕರ ವಸ್ತುಗಳನ್ನು ಗಾಜಿನ ಬೀರುವಿನಲ್ಲಿ ಇಡುವುದಾಗಿ ಹೇಳಿದಾಗ ಅವನು ನನ್ನಲ್ಲಿಗೆ ಬಂದ. “ಚಿಕ್ಕಪ್ಪ, ಅಪ್ಪ ಯುದ್ಧದಲ್ಲಿ ಇಟ್ಟುಕೊಂಡಿದ್ದ ಚೂರಿ ಇದು. ಕೆಳಗೆ ಹಾಕೋದಕ್ಕೆ ನಾಲ್ಕು ಸಾಲು ಒಳ್ಳೆಯ ಕನ್ನಡದಲ್ಲಿ ಬರೆದುಕೊಡಿ” ಎಂದ.

ನಾಲ್ಕು ಸಾಲು ಬರೆಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಇದು ನನ್ನ ವೃತ್ತಿಯ ದೋಷ. ಎಂ.ಎ. ತರಗತಿಗೆ ನಾನು ಹೆಚ್ಚಾಗಿ ಹೇಳುತ್ತಿದ್ದುದು ಗ್ರಂಥಸಂಪಾದನೆಯ ಪಾಠ. ಒಂದು ಓಲೆಯ ಪ್ರತಿ ಕೈಗೆ ಬಂದರೆ ‘ಇದು ಇಂಥ ಕವಿಯ ಸ್ವಹಸ್ತದ್ದು’ ಎಂದು ತಂದವರು ಹೇಳಿದ ಮಾತನ್ನು ನಂಬಬೇಡಿ, ಗರಿಯನ್ನು ನೋಡಿ, ಅಕ್ಷರದ ಮೋಡಿಯನ್ನು ನೋಡಿ, ತಪ್ಪುಗಳನ್ನು ನೋಡಿ, ಇತರ ಪ್ರತಿಗಳನ್ನು ಕೂಡಿಸಿ ಹೋಲಿಸಿ ಎಂದು ಮೂರು ದಶಕ ವಿದ್ಯಾರ್ಥಿಗಳಿಗೆ ಉಪದೇಶಿಸಿದವನು, ಅಣ್ಣನ ಚೂರಿಯ ಮುಂದೆ ಮಾತ್ರ ಕಣ್ಣು ಮುಚ್ಚಿಕೊಳ್ಳುವುದು ಹೇಗೆ? ಹೋಲಿಕೆಗೆ ಪ್ರತಿಗಳು ಬೇಕು. ಬೆಂಗಳೂರಿನ ಭಾನುವಾರದ ಗುಜರಿ ಸಂತೆಯಲ್ಲಿ ಮೊದಲ ಎರಡು ಸಿಕ್ಕಿದುವು. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರ ಮನೆಗಳಲ್ಲಿ ಮೂರು ನಾಲ್ಕು ಸಿಕ್ಕಿದುವು. ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಪಟ್ಟಿಗಳನ್ನೂ ಚಿತ್ರಗಳನ್ನೂ ಕಳುಹಿಸಿದರು. ಹೀಗೆ ಸಂಗ್ರಹ ಬೆಳೆಯಿತು. ಅದರ ಜೊತೆಗೆ ಒಂದು ವಂಶವೃಕ್ಷವೂ ಬೆಳೆಯಿತು.

ಆಯುಧದ ಹಿಡಿಯನ್ನು ಟೊಳ್ಳು ಮಾಡಿ ಒಳಗೆ ಏನನ್ನಾದರೂ ಅಡಗಿಸುವ ಉಪಾಯ ಹೊಸದಲ್ಲ. ಗುಜರಾತಿನ ಕಚ್ಛ್ ಸೀಮೆಯಲ್ಲಿ ಭುಜ್ ಎಂದೇ ಹೆಸರಾದ ಒಂದು ಆಯುಧವುಂಟು. ಕೊಡಲಿಯಂತೆ ಉದ್ದನೆಯ ಕಾವು, ಅದರ ತುದಿಗೆ ಚೂರಿಯಂಥ ಅಗಲವಾದ ಅಲಗು. ಅನೇಕ ಭುಜ್‌ಗಳಲ್ಲಿ ಕಾವಿನ ಬುಡವನ್ನು ತಿರುಚಿ ಎಳೆದರೆ ಒಳಗಿನಿಂದ ಇನ್ನೊಂದು ಸಣ್ಣ ಬಾಕು ಹೊರಬರುತ್ತದೆ. ನಮ್ಮ ಕೊಡಗಿನ ಪೀಚೆಕತ್ತಿಯದು ಬೇರೆ ದಾರಿ. ಅಲ್ಲಿ ಚಿಮುಟ, ಕಿವಿಗುಗ್ಗೆ ತೆಗೆಯುವ ಕಡ್ಡಿಯೇ ಮೊದಲಾದ ಸಣ್ಣ ಉಪಕರಣಗಳನ್ನು ಬೆಳ್ಳಿಯ ಸರಪಣಿಯಲ್ಲಿ ಒರೆಗೆ ತೂಗುಬಿಡುತ್ತಾರೆ. ಅಡಗಿಸುವ ಮಾತೇ ಇಲ್ಲ. ಎಲ್ಲವೂ ಊರಿಗೆ ಕಾಣುವಂತೆ ಇರಬೇಕು. ಆದರೆ ಇವೆರಡೂ ನನ್ನ ಕಪಾಟಿನ ಚೂರಿಗಳ ಪೂರ್ವಜರಲ್ಲ. ಹೋಲಿಕೆ ಇದ್ದಲ್ಲೆಲ್ಲ ನೆಂಟಸ್ತಿಕೆ ಇರುತ್ತದೆಂದು ತಿಳಿಯುವುದು ಹೊಸ ಸಂಶೋಧಕರ ಮೊದಲ ತಪ್ಪು. ನಾನೂ ಅದನ್ನು ಮಾಡಿದೆ. ಭುಜ್‌ನಿಂದ ಆರಂಭಿಸಿ ಎಂಟು ಪುಟಗಳ ಲೇಖನವನ್ನೇ ಬರೆದು ಆಮೇಲೆ ಹರಿದು ಹಾಕಿದೆ.

ನಿಜವಾದ ಮಾತೃಕೆ ಇರುವುದು ಅಮೆರಿಕದ ಫ್ಲಾರಿಡಾ ಪ್ರಾಂತದ ಒರ್ಲಾಂಡೊ ಪಟ್ಟಣದಲ್ಲಿ. ಅಲ್ಲಿ ಬೋ ರ‍್ಯಾಂಡಾಲ್ ಎಂಬ ಒಬ್ಬ ಅನುಕೂಲಸ್ಥ ಮನುಷ್ಯನಿದ್ದ. 1930ರ ದಶಕದಲ್ಲಿ ಮಿಷಿಗನ್ನಿನ ಒಂದು ಸರೋವರದ ದಡದಲ್ಲಿ ಯಾರೋ ಒಬ್ಬರು ದೋಣಿಯ ಬಣ್ಣವನ್ನು ಚೂರಿಯಿಂದ ಕೆರೆಯುತ್ತಿದ್ದುದನ್ನು ಅವನು ಕಂಡನಂತೆ. ಅಷ್ಟು ಒರಟು ಕೆಲಸಕ್ಕೂ ಅದರ ಬಾಯಿ ಮೊಂಡಾಗಿರಲಿಲ್ಲ. ಅದು ಸ್ಕೇಗಲ್ ಎಂಬ ಕುಶಲಕರ್ಮಿ ಮಾಡಿದ್ದು. ಆ ಚೂರಿಯನ್ನು ಕೊಂಡುಕೊಂಡು, ಅದರಂಥದನ್ನು ತಾನೂ ಮಾಡಲು ಹೊರಟ ರ‍್ಯಾಂಡಾಲ್ ಮುಂದೆ ಅದನ್ನೇ ಕಸುಬು ಮಾಡಿಕೊಂಡ. ಎರಡನೆಯ ಮಹಾಯುದ್ಧದ ಸೈನಿಕರು ಅವನ ಚೂರಿಗಳಿಗೆ ಮುಗಿಬಿದ್ದರು. 1960ರ ದಶಕದ ಮೊದಲ ವರ್ಷಗಳಲ್ಲಿ, ವಿಯೆಟ್ನಾಮಿಗೆ ಅಮೆರಿಕದ ಸೈನ್ಯ ಹೋಗತೊಡಗಿದ ಕಾಲದಲ್ಲಿ, ಕ್ಯಾಪ್ಟನ್ ಜಾರ್ಜ್ ಇಂಗ್ರಾಮ್ ಎಂಬ ಅಧಿಕಾರಿ ಅವನ ಮುಂದೆ ಒಂದು ಸಲಹೆಯನ್ನಿಟ್ಟ: ಹಿಡಿಯನ್ನು ಟೊಳ್ಳು ಮಾಡಿದರೆ ಒಳಗೆ ಪ್ರಾಣರಕ್ಷಣೆಯ ಸಾಮಗ್ರಿಯನ್ನು ಇಡಬಹುದಲ್ಲವೆ? ಹೀಗೆ ಹುಟ್ಟಿದ್ದು ರ‍್ಯಾಂಡಾಲನ 18ನೆಯ ಮಾದರಿ. ಅದರ ಬೆನ್ನಿನ ಗರಗಸ ಮರ ಕೊಯ್ಯುವುದಕ್ಕಲ್ಲ. ಬಿದ್ದ ವಿಮಾನದ ತಗಡಿನ ಹೊದಿಕೆಯನ್ನು ಒಳಗಿನಿಂದ ಸೀಳಿ ಹೊರಬರುವುದಕ್ಕೆ. ಮೊದಮೊದಲಿನ ಪ್ರತಿಗಳಲ್ಲಿ ಹಿಡಿಯ ತುದಿಗೆ ಹಾಕುತ್ತಿದ್ದುದು ತಿರುಪಿನ ಮುಚ್ಚಳವಲ್ಲ. ಕುಂಟರು ಊರುವ ಊರುಗೋಲಿನ ತುದಿಗೆ ಇರುತ್ತದಲ್ಲ, ಅಂಥ ರಬ್ಬರಿನ ಟೋಪಿ. ದಿಕ್ಸೂಚಿ ಇರುವ ಹಿತ್ತಾಳೆಯ ಮುಚ್ಚಳ ಬಂದದ್ದು ಆಮೇಲೆ. ರಬ್ಬರು ಟೋಪಿಯ ಚೂರಿಯೆಂದರೆ ಸಂಗ್ರಾಹಕರಿಗೆ, ನಮಗೆ ಪೂರ್ವದ ಹಳಗನ್ನಡದ ಶಾಸನ ಸಿಕ್ಕಿದಂತೆ. ನನ್ನಲ್ಲಿ ಅಂಥದು ಇಲ್ಲ; ನನ್ನ ಪಿಂಚಣಿಯಲ್ಲಿ ಬರುವಂಥದೂ ಅಲ್ಲ.

ಸುಮಾರು ಇಪ್ಪತ್ತು ವರ್ಷ ಇದು ಸೈನಿಕರ, ವಿಮಾನ ಚಾಲಕರ ನಡುವೆಯೇ ಉಳಿದಿದ್ದ ವಸ್ತು. ಇದನ್ನು ಲೋಕಕ್ಕೆಲ್ಲ ಹಂಚಿದ್ದು ಸಿನಿಮಾ. ಡೇವಿಡ್ ಮೊರೆಲ್ 1972ರಲ್ಲಿ ಪ್ರಕಟಿಸಿದ ‘ಫಸ್ಟ್ ಬ್ಲಡ್’ ಎಂಬ ಕಾದಂಬರಿ 1982ರಲ್ಲಿ ಚಲನಚಿತ್ರವಾಯಿತು. ವಿಯೆಟ್ನಾಮಿನಿಂದ ಮರಳಿದ ಸೈನಿಕನೊಬ್ಬ ತನ್ನ ತುಕಡಿಯ ಗೆಳೆಯನನ್ನು ಹುಡುಕಿಕೊಂಡು ಅವನ ಮನೆಗೆ ಹೋಗುತ್ತಾನೆ. ಗೆಳೆಯ ಸತ್ತುಹೋಗಿದ್ದಾನೆ. ಚಿತ್ರ ಆರಂಭವಾಗುವುದೇ ಅಲ್ಲಿಂದ. ಮುಂದಿನ ಹೊಡೆದಾಟಗಳೇ ಜನಕ್ಕೆ ನೆನಪಿರುವುದು. ಈ ಆರಂಭ ಹೆಚ್ಚು ಮಂದಿಗೆ ನೆನಪಿಲ್ಲ. ನಾಯಕನ ಪಾತ್ರವಹಿಸಿದ ಸಿಲ್ವೆಸ್ಟರ್ ಸ್ಟಲೋನ್ ತನ್ನ ತೋಳಿನ ಗಾಯವನ್ನು ಹಿಡಿಯೊಳಗಿನ ಸೂಜಿದಾರದಿಂದ ತಾನೇ ಹೊಲಿದುಕೊಳ್ಳುವ ದೃಶ್ಯವನ್ನಂತೂ ಯಾರೂ ಮರೆಯುವಂತಿಲ್ಲ. ಆ ಚಿತ್ರಕ್ಕೆ ಚೂರಿಯನ್ನು ಮಾಡಿಕೊಟ್ಟವನು ಆರ್ಕನ್ಸಾ ಪ್ರಾಂತದ ಜಿಮ್ಮಿ ಲೈಲ್. ಅವನು ರ‍್ಯಾಂಡಾಲನ ಮಾದರಿಯನ್ನು ಹಾಗೆಯೇ ಇಳಿಸಲಿಲ್ಲ. ಅಲಗಿಗೂ ಹಿಡಿಗೂ ನಡುವೆ ಇರುವ ಅಡ್ಡಪಟ್ಟಿಯ ಎರಡು ತುದಿಗಳನ್ನು ಸ್ಕ್ರೂಡ್ರೈವರಿನ ಮೊನೆಗಳಂತೆ ತಿದ್ದಿದ. ಒಂದು ತುದಿ ಚಪ್ಪಟೆ, ಇನ್ನೊಂದು ಕೂಡುಗುರುತಿನ ಆಕಾರ. ಈ ಒಂದು ವಿವರವನ್ನು ಕೇಳುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನನ್ನ ಪ್ರಕರಣವೆಲ್ಲ ಅದರ ಮೇಲೆ ನಿಂತಿದೆ.

1985ರಲ್ಲಿ ಎರಡನೆಯ ಚಿತ್ರವೂ ಬಂತು. ಅದಕ್ಕೂ ಲೈಲನದೇ ಚೂರಿ. ಆಮೇಲಿನದು ಪ್ರವಾಹ. ಜಪಾನಿನಲ್ಲಿ, ತೈವಾನಿನಲ್ಲಿ ಸಾವಿರಗಟ್ಟಲೆ ನಕಲುಗಳು ಸಿದ್ಧವಾಗಿ ಪ್ರಪಂಚದ ಬಂದರುಗಳಿಗೆಲ್ಲ ಹರಿದುಬಂದುವು. ಲಿಪಿಕಾರರ ಕೈಯಲ್ಲಿ ಕಾವ್ಯಕ್ಕೆ ಆಗುವುದೆಲ್ಲ ಇವಕ್ಕೂ ಆಯಿತು. ಮೂಲದಲ್ಲಿ ಗರಗಸದ ಹಲ್ಲಿಗೆ ಒಂದು ಕೆಲಸವಿತ್ತು. ನಕಲು ಮಾಡಿದವನಿಗೆ ಅದರ ಅರ್ಥ ಗೊತ್ತಿಲ್ಲ, ಆಕಾರ ಮಾತ್ರ ಗೊತ್ತು. ಆದುದರಿಂದ ಅಗ್ಗದ ಪ್ರತಿಗಳಲ್ಲಿ ಹಲ್ಲುಗಳು ಬರಿಯ ಕಚ್ಚುಗಳಾಗಿವೆ. ತಗಡಿರಲಿ, ಬಾಳೆಯ ದಿಂಡನ್ನು ಕೊಯ್ಯುವುದೂ ಅನುಮಾನ. ಱ ಮತ್ತು ೞ ಅಕ್ಷರಗಳು ಬಳಕೆಯಿಂದ ಹೋದ ಮೇಲೆ ಹಳಗನ್ನಡ ಕಾವ್ಯವನ್ನು ಪ್ರತಿ ಮಾಡಿದ ಲಿಪಿಕಾರ ಅವನ್ನು ತನಗೆ ತೋಚಿದಂತೆ ಗೀಚಿ ಮುಂದೆ ಹೋಗುತ್ತಾನಲ್ಲ, ಹಾಗೆ. ದಿಕ್ಸೂಚಿಯ ಗತಿಯೂ ಇದೇ. ಕಾಂತದ ಮುಳ್ಳನ್ನು ಉಕ್ಕಿನ ಸನಿಹದಲ್ಲಿಟ್ಟರೆ ಅದು ಸುಳ್ಳು ಹೇಳುತ್ತದೆಂದು ಶಾಲೆಯ ಮಕ್ಕಳಿಗೂ ಗೊತ್ತು. ನನ್ನಲ್ಲಿರುವ ಒಂದರ ಮುಳ್ಳು, ಚೂರಿಯನ್ನು ಹೇಗೆ ಹಿಡಿದರೂ ನಮ್ಮ ಅಡಿಗೆಮನೆಯ ಕಡೆಗೇ ತಿರುಗುತ್ತದೆ.

ಇನ್ನೊಂದು ಊನ ಮೂಲದಲ್ಲಿಯೇ ಉಂಟು. ನಮ್ಮ ಹಳ್ಳಿಯ ಕುಲುಮೆಯಲ್ಲಿ ಮಾಡಿದ ಮಚ್ಚನ್ನೋ ಕುಡುಗೋಲನ್ನೋ ನೋಡಿ. ಅಲಗಿನ ಬಾಲ ಹಿಡಿಯ ಮರದೊಳಕ್ಕೆ ದೂರ ಹೋಗಿ ಬಿಗಿಯಾಗಿ ಕೂತಿರುತ್ತದೆ. ಅದರ ಶಕ್ತಿಯೆಲ್ಲ ಆ ಕಾಣದ ಬಾಲದಲ್ಲಿದೆ. ಹಿಡಿ ಟೊಳ್ಳಾದರೆ ಬಾಲಕ್ಕೆ ಎಡೆಯೆಲ್ಲಿ? ಕೊಳವೆಯ ಬಾಯಲ್ಲೇ ಅಲಗು ಮೊಟಕಾಗಿ ನಿಲ್ಲುತ್ತದೆ. ಬೆಸುಗೆಯೋ ತಿರುಪೋ ಅದನ್ನು ಹಿಡಿದಿಡಬೇಕು. ಬಲವಾಗಿ ಮೀಟಿದರೆ ಮುರಿಯುವುದು ಅಲ್ಲೇ. ಒಳ್ಳೆಯ ಕುಶಲಕರ್ಮಿಗಳು ಈ ಜಾಗದಲ್ಲಿ ಬಹಳ ತಲೆ ಕೆಡಿಸಿಕೊಂಡರು. ದಕ್ಷಿಣ ಆಫ್ರಿಕದ ಕ್ರಿಸ್ ರೀವ್ ಎಂಬಾತ 1980ರ ದಶಕದಲ್ಲಿ ಬೆಸುಗೆಯ ಗೋಜೇ ಬೇಡವೆಂದು, ಒಂದೇ ಉಕ್ಕಿನ ಕಂಬಿಯಿಂದ ಅಲಗನ್ನೂ ಹಿಡಿಯನ್ನೂ ಕಡೆದು, ಹಿಡಿಯ ಭಾಗವನ್ನು ಒಳಗಿನಿಂದ ಕೊರೆದ. ಕೆಲಸ ಎಂದರೆ ಅದು. ಅಗ್ಗದ ನಕಲುಗಳ ಕರ್ತೃಗಳಿಗೆ ಆ ಚಿಂತೆ ಇರಲಿಲ್ಲ. ನನ್ನ ಹದಿನೇಳರಲ್ಲಿ ಐದರ ಹಿಡಿ ಈಗಲೇ ಅಲುಗಾಡುತ್ತಿದೆ.

ಇವುಗಳ ಊರನ್ನು ಪತ್ತೆ ಹಚ್ಚುವುದು ಹೇಗೆ? ಓಲೆಗರಿಯ ಕಟ್ಟಿನ ಕೊನೆಯಲ್ಲಿ ಪುಷ್ಪಿಕೆ ಇರುವಂತೆ ಅಲಗಿನ ಬುಡದಲ್ಲಿ ಒಂದು ಮುದ್ರೆ ಇರುತ್ತದೆ. ಅದು ಅಲ್ಲಿರುವುದು ತಯಾರಕನ ಸತ್ಯಸಂಧತೆಯಿಂದಲ್ಲ, ಸುಂಕದ ಕಟ್ಟಳೆಯಿಂದ. ಅಮೆರಿಕದೊಳಕ್ಕೆ ಬರುವ ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರಿರಬೇಕೆಂದು 1890ರಲ್ಲಿ ಅಲ್ಲಿ ಕಾನೂನಾಯಿತು. 1930ರ ಸುಂಕದ ಕಾನೂನು ಅದನ್ನು ಇನ್ನೂ ಬಿಗಿಮಾಡಿತು. ಚೂರಿಗಳ ಮೇಲೆ ಹೆಸರನ್ನು ಅಂಟಿಸಿದರೆ ಸಾಲದು, ಲೋಹದಲ್ಲಿಯೇ ಅಚ್ಚೊತ್ತಬೇಕು ಅಥವಾ ಕೊರೆಯಬೇಕು. ಇದರಿಂದ ನಮ್ಮಂಥವರಿಗೆ ಮಹೋಪಕಾರವಾಗಿದೆ. ಜಪಾನಿನ ವಸ್ತುವಿನ ಮೇಲೆ ‘ನಿಪ್ಪಾನ್’ ಎಂದಿದ್ದರೆ ಅದು 1921ಕ್ಕೆ ಹಿಂದಿನದಿರಬೇಕು. ಆ ವರ್ಷ ಅಮೆರಿಕದ ಸುಂಕದವರು ಆ ಹೆಸರು ಸಲ್ಲದು, ‘ಜಪಾನ್’ ಎಂದೇ ಇರಬೇಕು ಎಂದರು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೆಯ ಮಹಾಯುದ್ಧದ ಅನಂತರದ್ದು, 1952ರ ಒಳಗಿನದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು. ಆದರೆ ಪುಷ್ಪಿಕೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ನನ್ನ ಒಂದು ಚೂರಿಯ ಮುಚ್ಚಳದಲ್ಲಿ ‘ಜಪಾನ್’ ಎಂದು ಸ್ಪಷ್ಟವಾಗಿದೆ. ಮೂರು ತಿಂಗಳು ಅದನ್ನು ಜಪಾನಿನದೆಂದೇ ಬರೆದಿಟ್ಟಿದ್ದೆ. ಒಂದು ದಿನ ಒರೆಸುವಾಗ ನೋಡಿದರೆ ಅಲಗಿನ ಬುಡದಲ್ಲಿ, ಎಣ್ಣೆಯ ಜಿಡ್ಡಿನ ಕೆಳಗೆ, ‘ತೈವಾನ್’! ಜಪಾನಿನದು ದಿಕ್ಸೂಚಿ ಮಾತ್ರ. ಮುಚ್ಚಳ ಕ್ಷೇಪಕ.

ಈಗ ಅಣ್ಣನ ಚೂರಿಗೆ ಬರುತ್ತೇನೆ. ಅದರ ಅಲಗಿನ ಮೇಲೆ ‘ಸ್ಟೇನ್‌ಲೆಸ್ ಜಪಾನ್’ ಎಂದಿದೆ. ಇದು ಯಾವ ವರ್ಷಕ್ಕೂ ಹೊಂದುವ ಮಾತು. ಟೊಳ್ಳು ಹಿಡಿಯ ಚೂರಿ 1971ರಲ್ಲಿ ಲೋಕದಲ್ಲಿ ಇರಲೇ ಇಲ್ಲ ಎಂದು ಹೇಳುವಂತೆಯೂ ಇಲ್ಲ, ರ‍್ಯಾಂಡಾಲನದು ಇತ್ತು. ಆದುದರಿಂದ ಬಹಳ ದಿನ ನಾನು ಅಣ್ಣನ ಪಕ್ಷವನ್ನೇ ಹಿಡಿದು ವಾದಿಸಿದೆ, ನನ್ನೊಡನೆಯೇ. ಕೊನೆಗೆ ಸೋಲಿಸಿದ್ದು ಆ ಅಡ್ಡಪಟ್ಟಿ. ಅದರ ಒಂದು ತುದಿ ಚಪ್ಪಟೆ, ಇನ್ನೊಂದು ಕೂಡುಗುರುತು. ರ‍್ಯಾಂಡಾಲನಲ್ಲಿ ಇಲ್ಲದ, ಲೈಲನು ಸಿನಿಮಾಕ್ಕಾಗಿ ಸೇರಿಸಿದ ಪಾಠಾಂತರ ಅದು. ಆ ಪಾಠ ಇರುವ ಪ್ರತಿ 1982ಕ್ಕೆ ಹಿಂದೆ ಹೋಗಲಾರದು. ಅಣ್ಣ ಯುದ್ಧದಿಂದ ಬಂದು ಹನ್ನೊಂದು ವರ್ಷ ಕಳೆದ ಮೇಲೆ, ಒಂದು ಸಿನಿಮಾವನ್ನು ನೋಡಿ ಯಾರೋ ಮಾಡಿದ ಚೂರಿ ಇದು.

ಹೀಗೆ ಸಿದ್ಧಾಂತ ಮಾಡಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಓಲೆಯ ಪ್ರತಿಯ ವಿಷಯದಲ್ಲಾದರೆ ಕವಿ ಸತ್ತು ಎಂಟುನೂರು ವರ್ಷವಾಗಿರುತ್ತದೆ. ಅವನ ಹೆಂಡತಿಯ ಮುಂದೆ ಹೋಗಿ ಕುಳಿತುಕೊಳ್ಳಬೇಕಾದ ಪ್ರಮೇಯವಿಲ್ಲ. ಅಣ್ಣ ಸುಳ್ಳು ಹೇಳಿದನೆ? ಅವನು ಈ ವಿಷಯವಾಗಿ ಏನನ್ನೂ ಹೇಳಿದ್ದು ನನಗಂತೂ ನೆನಪಿಲ್ಲ. ಮಗನಿಗೆ ಏನು ಹೇಳಿದ್ದನೋ! ಶಾಲೆಯವರು ಫಲಕದ ಬರಹಕ್ಕಾಗಿ ಎರಡು ಸಲ ಹೇಳಿಕಳುಹಿಸಿದ್ದರು. ‘1971ರ ಯುದ್ಧದಲ್ಲಿ ಬಳಸಿದ ಚೂರಿ’ ಎಂದು ಬರೆದುಕೊಟ್ಟರೆ ಯಾರಿಗೂ ನಷ್ಟವಿಲ್ಲ ಎಂದು ಸ್ನೇಹಿತರೊಬ್ಬರು ಹೇಳಿದರು. ಅವರೂ ಕನ್ನಡದ ಪ್ರಾಧ್ಯಾಪಕರೇ ಎಂಬುದು ನನಗೆ ಹೆಚ್ಚು ನೋವಿನ ಸಂಗತಿ.

ಕೊನೆಗೆ ಊರಿಗೆ ಹೋಗಿ ಅತ್ತಿಗೆಯ ಮುಂದೆ ಚೂರಿಯನ್ನು ಇಟ್ಟೆ. ಹೇಗೆ ಆರಂಭಿಸುವುದೆಂದು ತಿಳಿಯದೆ ರ‍್ಯಾಂಡಾಲನಿಂದಲೇ ಹೊರಟೆ. ಅವರು ಅಕ್ಕಿ ಆರಿಸುತ್ತ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, “ಅದಕ್ಯಾಕಪ್ಪ ಇಷ್ಟು ದೊಡ್ಡ ಕತೆ? ಅದು ಮದ್ರಾಸಿನದು. ನನ್ನ ಕಣ್ಣು ತೋರಿಸೋಕೆ ಹೋಗಿದ್ದೆವಲ್ಲ, ಆಗ ಬರ್ಮಾ ಬಜಾರಿನಲ್ಲಿ ತಗೊಂಡರು. ಹುಡುಗ ವಿಡಿಯೊದಲ್ಲಿ ಆ ಸಿನಿಮಾ ನೋಡಿ ಒಂದೇ ಸಮನೆ ಕೇಳುತ್ತಿದ್ದ. ತೊಂಬತ್ತು ರೂಪಾಯಿ! ಹತ್ತು ವರ್ಷದ ಹುಡುಗನ ಕೈಗೆ ಚೂರಿ ಕೊಡುತ್ತೀರಾ ಅಂತ ನಾನು ಜಗಳ ಮಾಡಿದೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು” ಎಂದರು.

1986ರ ಮಾತು. ಬರ್ಮಾದಿಂದ ಮರಳಿ ಬಂದವರ ಜೀವನೋಪಾಯಕ್ಕೆಂದು 1960ರ ದಶಕದಲ್ಲಿ ಮದ್ರಾಸಿನ ಬಂದರಿನ ಬಳಿ ಎದ್ದ ಆ ಅಂಗಡಿಸಾಲಿನಲ್ಲಿ, ವಿದೇಶಿ ಸಾಮಾನು ಬೇರೆಲ್ಲೂ ಕಾಣದಿದ್ದ ಆ ದಿನಗಳಲ್ಲಿ, ಸಿಕ್ಕದ ವಸ್ತುವಿರಲಿಲ್ಲ. ಹಾಗಾದರೆ ಸುಳ್ಳು ಹೇಳಿದವರು ಯಾರೂ ಇಲ್ಲ. ಒಂದು ಕಟ್ಟಿನ ಗರಿ ಇನ್ನೊಂದು ಕಟ್ಟಿನಲ್ಲಿ ಸೇರಿಕೊಂಡಿತ್ತು, ಅಷ್ಟೆ. ಪದಕಗಳ ಪಕ್ಕದಲ್ಲಿ ಇದ್ದುದರಿಂದ, ಬೆಳೆದು ದೊಡ್ಡವನಾದ ಮಗ ಅದನ್ನೂ ಯುದ್ಧದ್ದೆಂದು ಓದಿದ. ತಾನು ಹಟ ಮಾಡಿ ಕೇಳಿದ ಚೂರಿ ಅದೇ ಎಂದು ಅವನಿಗೆ ತಿಳಿಯಲೇ ಇಲ್ಲ.

ಇಲ್ಲಿಗೆ ನನ್ನ ಸಂಶೋಧನೆ ಮುಗಿಯಬೇಕಿತ್ತು. ಆದರೆ ಆ ಚೂರಿಯ ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಮುರಿದೀತೆಂಬ ಭಯದಿಂದ ನಾನು ಅಲ್ಲಿಯವರೆಗೂ ಅದನ್ನು ತೆರೆದಿರಲಿಲ್ಲ. ಅತ್ತಿಗೆಯೇ ಸೀಮೆಎಣ್ಣೆ ಬಿಡಲು ಹೇಳಿದರು. ಮಾರನೆಯ ದಿನ ಊರಿನ ಸೈಕಲ್ ಅಂಗಡಿಯವನು ಅದನ್ನು ಮೆಲ್ಲಗೆ ತಿರುಚಿ ಬಿಡಿಸಿದ. ಒಳಗೆ ಬೆಂಕಿಕಡ್ಡಿಯಿಲ್ಲ, ಗಾಳವಿಲ್ಲ. ಬೀಡಿಯಂತೆ ಬಿಗಿಯಾಗಿ ಸುತ್ತಿದ ಒಂದು ಕಾಗದ. ಅದರಲ್ಲಿ ಅಣ್ಣನ ಅಕ್ಷರದಲ್ಲಿ ಮೂರು ಹೆಸರು, ಮೂರು ವಿಳಾಸ. ಒಂದು ಗಢವಾಲದ್ದು, ಒಂದು ಸಾತಾರಾ ಜಿಲ್ಲೆಯದು, ಒಂದು ಪಾಲಘಾಟಿನ ಕಡೆಯದು. ಪ್ರತಿಯೊಂದು ಹೆಸರಿನ ಮುಂದೆ 1971ರ ಡಿಸೆಂಬರಿನ ಒಂದು ತಾರೀಖು. ಅದರ ಕೆಳಗೆ ‘ಮ.ಆ.’ ಎಂದು ಬರೆದು ವರ್ಷಗಳ ಸಾಲು: 72, 73, 74... ಪಾಲಘಾಟಿನದು 91ಕ್ಕೆ ನಿಂತಿದೆ, ಗಢವಾಲದ್ದು 96ಕ್ಕೆ. ಸಾತಾರೆಯದು 2008ರವರೆಗೆ, ಅಂದರೆ ಅಣ್ಣ ತೀರಿಕೊಳ್ಳುವ ಹಿಂದಿನ ವರ್ಷದವರೆಗೆ ಇದೆ. ಹಿಂದಿನ ವರ್ಷಗಳನ್ನೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಕೂತಿಗೆಯಲ್ಲಿ ಬರೆದಿದೆ. 86ರಿಂದೀಚೆಗೆ ಶಾಯಿ ಬದಲಾಗುತ್ತ ಹೋಗುತ್ತದೆ. ಎಂದರೆ ಇದಕ್ಕೂ ಒಂದು ಮಾತೃಕೆಯಿತ್ತು. ಚೂರಿ ಬಂದ ಮೇಲೆ ಅದರಿಂದ ಇದನ್ನು ಪ್ರತಿ ಮಾಡಿಕೊಂಡಿದ್ದಾನೆ.

ಅತ್ತಿಗೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಪ್ರತಿ ಡಿಸೆಂಬರಿನಲ್ಲಿ ಹಣ ಎಲ್ಲಿಗೆ ಹೋಗುತ್ತೆ ಅಂತ ನಾನು ಕೇಳುತ್ತಲೇ ಇದ್ದೆ. ಹಳೆಯ ಸಾಲ ಅನ್ನುತ್ತಿದ್ದರು” ಎಂದರು.

ಫಲಕಕ್ಕೆ ನಾನು ಬರೆದುಕೊಟ್ಟದ್ದು ಹೀಗೆ: ‘ಟೊಳ್ಳು ಹಿಡಿಯ ಚೂರಿ. ಜಪಾನಿನಲ್ಲಿ 1982ರ ಅನಂತರ ತಯಾರಾದುದು. 1986ರಲ್ಲಿ ಮದ್ರಾಸಿನಲ್ಲಿ ಕೊಂಡದ್ದು. 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿದ ಸೈನಿಕರೊಬ್ಬರ ಪೆಟ್ಟಿಗೆಯಲ್ಲಿ ದೊರೆತದ್ದು.’ ಅಣ್ಣನ ಮಗ ಅದನ್ನು ಎರಡು ಸಲ ಓದಿ, ಏನೂ ಹೇಳದೆ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಈಗ ಅದು ಗಾಜಿನ ಬೀರುವಿನಲ್ಲಿದೆ. ಕಾಗದ ಅಲ್ಲಿಲ್ಲ, ಅತ್ತಿಗೆಯ ಹತ್ತಿರ ಇದೆ. ಈ ಮಾತುಗಳನ್ನು ಬಾನುಲಿಯಲ್ಲಿ ಹೇಳಲು ಅವರಿಂದ ಅಪ್ಪಣೆ ಪಡೆದಿದ್ದೇನೆ.

ಅವರು ಹೇಳಿದಂತೆ ಮೂರು ವಿಳಾಸಗಳಿಗೂ ನಾನು ಕಾಗದ ಬರೆದೆ. ಎರಡು, ವಿಳಾಸದಾರರು ಇಲ್ಲವೆಂಬ ಷರಾದೊಡನೆ ಹಿಂದಿರುಗಿ ಬಂದುವು. ಸಾತಾರೆಯದು ಹಿಂದಿರುಗಿ ಬಂದಿಲ್ಲ, ಉತ್ತರವೂ ಬಂದಿಲ್ಲ. ಕಳೆದ ಡಿಸೆಂಬರಿನಲ್ಲಿ ಅತ್ತಿಗೆ ಅಲ್ಲಿಗೆ ಐದುನೂರು ರೂಪಾಯಿ ಕಳುಹಿಸಿಕೊಡುವಂತೆ ನನ್ನ ಕೈಗೆ ಕೊಟ್ಟರು.